ಹಿಮ್ಮಡಿಯಮ್ಮನ ಪಾದ

ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಪಕ್ಕಕ್ಕೆ ಒಂದು ಹಿತ್ತಾಳೆಯ ಸೇರು ಇದೆ. ಅಕ್ಕಿ ಅಳೆಯುವುದಕ್ಕೆಂದು ಹುಟ್ಟಿದ ಪಾತ್ರೆ, ನನ್ನ ಕೈಗೆ ಸಿಕ್ಕಿದ ತಪ್ಪಿಗೆ ಈಗ ಪೆನ್ನು, ಕತ್ತರಿ, ಅಂಚು ಸವೆದ ರಬ್ಬರು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಎರಡು ಬೀಗದ ಕೈಗಳು, ಇವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ. ಮದುವೆಯ ಕರೆಯೋಲೆಗಳಿಗೂ ಕಾಲೇಜಿನವರ ಪ್ರಬಂಧಗಳಿಗೂ ಮನೆಯಲ್ಲೇ ಕೂತು ಅಕ್ಷರ ಜೋಡಿಸಿಕೊಡುವುದು ನನ್ನ ಕಸುಬಾದ್ದರಿಂದ ದಿನದ ಹೆಚ್ಚು ಹೊತ್ತು ಅದು ನನ್ನ ಕಣ್ಣೆದುರಿಗೇ ಇರುತ್ತದೆ. ಅದರ ಹೊಟ್ಟೆಯ ಒಂದು ಪಕ್ಕ, ಹೆಬ್ಬೆರಳು ಹಿಡಿಸುವಷ್ಟು ನೆಗ್ಗಿದೆ.

ಮೊನ್ನೆ ಬೆಳಿಗ್ಗೆ ಕಲಾಯಿ ಹಾಕುವ ಸಾಬರು ಬಂದಿದ್ದರು. ವರ್ಷಕ್ಕೊಮ್ಮೆ ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಬಂದು, ಬೀದಿಯ ಮೂಲೆಯಲ್ಲಿ ಕೆಂಡ ಮಾಡಿ, ಇನ್ನೂ ಹಿತ್ತಾಳೆ ಪಾತ್ರೆ ಬಿಡದ ನಾಲ್ಕಾರು ಮನೆಗಳ ಒಳಮೈ ಬೆಳ್ಳಗೆ ಮಾಡಿಕೊಟ್ಟು ಹೋಗುವ ಹಿರಿಯರು. ನಾನು ಕೊಟ್ಟ ಎರಡು ಪಾತ್ರೆಗಳನ್ನು ತೆಗೆದುಕೊಂಡವರು ಬಾಗಿಲಿನಿಂದಲೇ ಮೇಜಿನ ಕಡೆ ನೋಡಿ, "ಅಮ್ಮಾ, ಆ ಸೇರೂ ಕೊಡಿ. ನೆಗ್ಗು ತೆಗೆದುಕೊಡ್ತೀನಿ. ಹೊಸದರ ಥರ ಆಗುತ್ತೆ" ಎಂದರು. ಅಷ್ಟೇ ಅವರು ಮಾಡಿದ ಅಪರಾಧ. "ಹೊಸದರ ಥರ ಮಾಡಿ ಅಂತ ನಿಮ್ಮನ್ನ ಯಾರ್ ಕೇಳಿದ್ರು? ಇದ್ದಿದ್ದನ್ನ ಇದ್ದಂಗೆ ಬಿಡೋಕೆ ಈ ಊರಲ್ಲಿ ಯಾರಿಗೂ ಬರಲ್ವಾ?" ಎಂದು ನಾನು ಕಿರುಚಿದ ರಭಸಕ್ಕೆ ಎದುರು ಮನೆಯ ಕಿಟಕಿ ತೆರೆಯಿತು. ಸಾಬರು, "ಆಯ್ತಮ್ಮ, ಬಿಡಿ" ಎಂದು ಹೊರಟುಹೋದರು.

ಅತ್ತೆಯ ಮೇಲಿನ ಸಿಟ್ಟನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವವರ ಪೈಕಿ ನಾನೂ ಒಬ್ಬಳು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಆದರೆ ನನ್ನ ಸಿಟ್ಟಿಗೆ ಅತ್ತೆ ಕಾರಣವಲ್ಲ, ಅವರು ಒಳ್ಳೆಯವರು. ಕಾರಣ ಒಂದು ವಿಡಿಯೋ ಗೇಮು. ನಗಬೇಡಿ ಮಾರಾಯರೇ, ಸ್ವಲ್ಪ ಕೂತು ಕೇಳಿ. ಇದು ಸೇರಿನ ಕತೆಯೂ ಹೌದು.

ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ನ್ಯೂ ಟೌನಿನಲ್ಲಿ, ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ನಾನು ಇದ್ದೆವು. ಅಮ್ಮ ನಾನು ಏಳನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ನನ್ನ ಗೆಳತಿ ಶಾಹೀನಾಳ ಮನೆ ನಮ್ಮಿಂದ ಎರಡು ಬೀದಿ ಆಚೆ. ಅವಳ ತಂದೆಗೆ ಲಾರಿ ರಿಪೇರಿಯ ಗ್ಯಾರೇಜಿತ್ತು. ಅವಳ ಮಾಮು ಗಲ್ಫಿನಿಂದ ಬರುವಾಗ ಟೀವಿಗೆ ಜೋಡಿಸಿ ಆಡುವ ಒಂದು ಆಟದ ಪೆಟ್ಟಿಗೆಯನ್ನೂ ಒಂದಿಷ್ಟು ಸೀಡಿಗಳನ್ನೂ ತಂದುಕೊಟ್ಟಿದ್ದರು. ಅದರಲ್ಲೊಂದು ಸೀಡಿಯ ಮೇಲೆ ಜಪಾನಿ ಲಿಪಿಯೋ ಚೀನಾ ಲಿಪಿಯೋ, ನಮ್ಮಿಬ್ಬರಿಗೂ ತಿಳಿಯದ ಅಕ್ಷರ. ಹಾಕಿ ನೋಡಿದರೆ ಭಯದ ಆಟ. ಸಮುದ್ರದ ದಂಡೆಯ ಮೇಲೊಂದು ಪಾಳುಬಿದ್ದ ಆಸ್ಪತ್ರೆ. ಅದರೊಳಗೆ ಕಳೆದುಹೋದ ತಮ್ಮನನ್ನು ಹುಡುಕುವ ಒಬ್ಬ ಹುಡುಗಿ. ಅವಳ ಕೈಯಲ್ಲಿ ಒಂದು ಬಂದೂಕು, ಇಡೀ ಆಸ್ಪತ್ರೆಗೆ ಸೇರಿ ಆರೇ ಆರು ಗುಂಡು.

ಪಿಯುಸಿ ಓದುತ್ತಿದ್ದ ನಾವಿಬ್ಬರೂ ಮಧ್ಯಾಹ್ನ ಕಾಲೇಜು ಬಿಟ್ಟ ಕೂಡಲೇ ಅದರ ಮುಂದೆ ಕೂರುತ್ತಿದ್ದೆವು. ಆಟವನ್ನು ಎಲ್ಲಿಗೆ ನಿಲ್ಲಿಸಿದ್ದೇವೆಂದು ನೆನಪಿಟ್ಟುಕೊಳ್ಳುವ ಕಾರ್ಡೊಂದು ಬೇಕಂತೆ, ಮಾಮು ಅದನ್ನು ತರಲು ಮರೆತಿದ್ದರು. ಆದ್ದರಿಂದ ದಿನವೂ ಮೊದಲಿನಿಂದ ಶುರು. ಕರೆಂಟು ಹೋಯಿತೋ, ಮತ್ತೆ ಆಸ್ಪತ್ರೆಯ ಗೇಟು. ಆಡಿ ಆಡಿ ಆ ಕಟ್ಟಡ ನಮಗೆ ನಮ್ಮ ಕ್ವಾರ್ಟರ್ಸಿಗಿಂತ ಚೆನ್ನಾಗಿ ಗೊತ್ತಾಯಿತು. ಶಾಹೀನಾ ಉದ್ದನೆಯ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದಳು. ಓದಲಾರದ ಹೆಸರಿನ ಕೋಣೆಗಳಿಗೆಲ್ಲ ನಾವೇ ನಾಮಕರಣ ಮಾಡಿದೆವು. ಬಚ್ಚಲುಮನೆ, ರೇಷನ್ ಅಂಗಡಿ, ಪ್ರಿನ್ಸಿಪಾಲರ ರೂಮು. ಒಂದೊಂದು ಬಾಗಿಲೂ ಕಿರುಗುಟ್ಟುತ್ತ ತೆರೆದುಕೊಳ್ಳುವಷ್ಟರಲ್ಲಿ ಇವಳು ತನ್ನ ದುವಾ ಮುಗಿಸುತ್ತಿದ್ದಳು, ನಾನು ಶಿವ ಶಿವ ಎಂದು ಹತ್ತು ಸಲ ಹೇಳಿರುತ್ತಿದ್ದೆ.

ಆ ಆಸ್ಪತ್ರೆಯೊಳಗಿನ ಓಣಿಯಂಥ ಉದ್ದನೆಯ ಪಡಸಾಲೆಯಲ್ಲಿ ಒಬ್ಬಳು ಮುದುಕಿ ಬರುತ್ತಿದ್ದಳು. ಕಂದು ನಿಲುವಂಗಿ, ಮುಖದ ಮೇಲೆ ಇಳಿಬಿದ್ದ ಕೂದಲು, ಮುಂದಕ್ಕೆ ಚಾಚಿದ ಎರಡು ಕೈ. ನಿಂತರೆ ನಿಲ್ಲುತ್ತಾಳೆ, ನಡೆದರೆ ಹಿಂಬಾಲಿಸುತ್ತಾಳೆ, ಏನೋ ಹೇಳುತ್ತಾಳೆ. ಭಾಷೆ ಬಲ್ಲವರು ಯಾರು? ಆದರೆ ಭಾಷೆಗಿಂತ ಗಟ್ಟಿಯಾದ ಸಾಕ್ಷಿ ನಮಗೆ ಸಿಕ್ಕಿತ್ತು. ಅವಳ ಪಾದ ಹಿಂದುಮುಂದಾಗಿತ್ತು. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಪಾದ ತಿರುಗಿದ್ದರೆ ಅದು ದೆವ್ವ ಎನ್ನುವುದನ್ನು ನಮ್ಮಜ್ಜಿ ನನಗೆ ತುತ್ತಿನ ಜೊತೆಗೇ ತಿನ್ನಿಸಿದ್ದರು. ಶಾಹೀನಾಳ ತಾಯಿಯನ್ನು ನಾನು ಖಾಲಾ ಎನ್ನುತ್ತಿದ್ದೆ, ಅವರನ್ನು ಅಡಿಗೆಮನೆಯಿಂದ ಕರೆದು ತೋರಿಸಿದರೆ ಅವರು ಒಂದೇ ನೋಟಕ್ಕೆ, "ಯಾ ಅಲ್ಲಾ, ಪಾಂವ್ ಉಲ್ಟಾ ಐತಲ್ಲೇ! ಚುಡೇಲ್ ಇದು, ಬಂದ್ ಮಾಡ್ರಿ ಟೀವಿ" ಎಂದು ಸೆರಗು ತಲೆಗೆಳೆದುಕೊಂಡರು. ದೇವರ ವಿಷಯದಲ್ಲಿ ನಮ್ಮೆರಡು ಮನೆಗಳ ದಾರಿ ಬೇರೆ ಬೇರೆಯಾದರೂ ದೆವ್ವದ ಪಾದದ ವಿಷಯದಲ್ಲಿ ಒಂದೇ ಮತ. ನಾವು ಅವಳನ್ನು ಹಿಮ್ಮಡಿಯಮ್ಮ ಎಂದು ಕರೆದೆವು. ಅವಳಿಗಾಗಿಯೇ ಮೂರು ಗುಂಡು ಉಳಿಸಿಕೊಂಡು, ಹತ್ತಿರ ಬಂದ ಕೂಡಲೇ ಹೊಡೆದು, ಆಸ್ಪತ್ರೆಯ ಅಡಿಗೆಮನೆಯ ಕಿಟಕಿಯಿಂದ ಹೊರಕ್ಕೆ ಓಡುತ್ತಿದ್ದೆವು. ಹೊರಗೆ ಸಮುದ್ರ. ಹುಡುಗಿ ಮುಳುಗುತ್ತಿದ್ದಳು, ಆಟ ಮುಗಿಯುತ್ತಿತ್ತು. ಅದೇ ಅದರ ಮುಕ್ತಾಯವೆಂದು ನಾವು ನಂಬಿದ್ದೆವು.

ಅದೇ ವರ್ಷ ಅಪ್ಪ ಎರಡನೆಯ ಮದುವೆಯಾದರು. ಕುಂಸಿಯ ಕಡೆಯವರು, ಹೆಸರು ನೀಲಾಂಬಿಕೆ, ವಯಸ್ಸು ಮೂವತ್ತೆರಡು. ದೇವಸ್ಥಾನದಲ್ಲಿ ತಾಳಿ ಕಟ್ಟಿ ಮುಗಿಸಿಕೊಂಡು ಬಂದವರನ್ನು ಮನೆ ತುಂಬಿಸಿಕೊಳ್ಳುವಾಗ ಅಜ್ಜಿ ಹೊಸಿಲಿನ ಮೇಲೆ ಇದೇ ಹಿತ್ತಾಳೆಯ ಸೇರಿಗೆ ಅಕ್ಕಿ ತುಂಬಿ, ಮೇಲೊಂದು ಬೆಲ್ಲದಚ್ಚು ಇಟ್ಟಿದ್ದರು. ಬಲಗಾಲಿನಿಂದ ಮೆಲ್ಲಗೆ ಒದ್ದು ಒಳಗೆ ಬರಬೇಕು. ಸೊಸೆಯ ಕಾಲ್ಗುಣ ಹೇಗಿದೆಯೋ ಮನೆಯ ಭಾಗ್ಯ ಹಾಗೆ, ಇದು ನಿಮಗೂ ಗೊತ್ತಿರುವ ಶಾಸ್ತ್ರ. ಚಿಕ್ಕಮ್ಮ ಗಾಬರಿಯಲ್ಲಿ ಸ್ವಲ್ಪ ಜೋರಾಗಿಯೇ ಒದ್ದರು. ಸೇರು ಉರುಳಿ ಕಬ್ಬಿಣದ ಮಂಚದ ಕಾಲಿಗೆ ಬಡಿದು ನೆಗ್ಗಿತು. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು. ನಾನು ನಗಲಿಲ್ಲ. ಒಳಬಾಗಿಲಿಗೆ ಒರಗಿ ನಿಂತು, ಅಮ್ಮನ ಜಾಗಕ್ಕೆ ಬರುತ್ತಿದ್ದ ಆ ಪಾದಗಳನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ. ಅಷ್ಟು ಗಮನವಿಟ್ಟು ಆ ದಿನ ಅಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ನಾನು ಅವರ ಜೊತೆ ಮಾತಾಡುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಅವರು ಸಣ್ಣ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿಯೋ ಮಂಡಕ್ಕಿಯೋ ಹಾಕಿಕೊಂಡು ಶಾಹೀನಾಳ ಮನೆಯ ಗೇಟಿನ ತನಕ ನನ್ನನ್ನು ಕರೆಯಲು ಬರುತ್ತಿದ್ದರು. ಒಳಗೆ ಬರಲು ಸಂಕೋಚ, ಗೇಟು ಹಿಡಿದುಕೊಂಡು ನಿಲ್ಲುವುದು. "ಬಂದ್ಲು ನೋಡೇ ಹಿಮ್ಮಡಿಯಮ್ಮ" ಎಂದು ಹೇಳಿದವಳು ನಾನು. ನಕ್ಕವಳು ಶಾಹೀನಾ. ಹಿತ್ತಲ ಬಾಗಿಲಿನಿಂದ ಜಾರಿಕೊಂಡು ನಾನು ಬೇರೆ ದಾರಿಯಲ್ಲಿ ಮನೆ ಸೇರುತ್ತಿದ್ದೆ. ಡಬ್ಬಿ ಹಾಗೆಯೇ ವಾಪಸು ಬರುತ್ತಿತ್ತು.

ಆಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅದಾದ ಮೇಲೆ ನನ್ನ ಪಿಯುಸಿ ಫಲಿತಾಂಶ ಬಂತು, ಗಣಿತದಲ್ಲಿ ಫೇಲು. ಇಡೀ ವಂಶದಲ್ಲೇ ಯಾರೂ ಗಣಿತದಲ್ಲಿ ಫೇಲಾಗಿರಲಿಲ್ಲವಂತೆ. ಅಂಕಪಟ್ಟಿ ಹಿಡಿದುಕೊಂಡು ನಾನು ನಡುಮನೆಯಲ್ಲಿ ನಿಂತಿದ್ದೇನೆ; ಅಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದಾರೆ; ಅಜ್ಜಿ ಮಲಗಿದಲ್ಲಿಂದಲೇ, "ಅಲ್ಲಾ, ಆ ದಿನ ಇವಳು ಸೇರು ಒದ್ದಿದ್ದು ಯಾವ ಕಾಲಲ್ಲಿ? ಯಾರಾದ್ರೂ ನೋಡಿದ್ರಾ?" ಎಂದರು. ಅಪ್ಪ ನನ್ನ ಮುಖ ನೋಡಿದರು. "ವೀಣಾ, ನೀನು ಅಲ್ಲೇ ನಿಂತಿದ್ದೆಯಲ್ಲ?"

ನಾನು, "ಎಡಗಾಲು" ಎಂದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಬ್ಬರ ಕಾಲೇ ಡೊಂಕು ಎಂದೆ. ಅಡಿಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು. ನನ್ನನ್ನೊಮ್ಮೆ ನೋಡಿದರು, ಒಳಗೆ ಹೋದರು. ಹುಡುಗಿ ಫೇಲಾದದ್ದು ಯಾಕೆಂದು ಆಮೇಲೆ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಉತ್ತರ ಸಿಕ್ಕಿತ್ತಲ್ಲ. ವಾರ ಕಳೆಯುವುದರೊಳಗೆ ಅಪ್ಪ ಅವರನ್ನು ನಾಲ್ಕು ದಿನದ ಮಟ್ಟಿಗೆ ಎಂದು ಹೇಳಿ ಕುಂಸಿಯ ಬಸ್ಸು ಹತ್ತಿಸಿ ಬಂದರು. ಆ ನಾಲ್ಕು ದಿನ ಇವತ್ತಿಗೂ ಮುಗಿದಿಲ್ಲ. ನಾನು ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ, ಓದಿದೆ, ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ನನ್ನ ಮದುವೆಯಲ್ಲಿ ಸೇರು ಒದೆಯುವ ಮುಂಚೆ ಯಾವುದು ಬಲಗಾಲೆಂದು ಎಷ್ಟು ಸಲ ನೋಡಿಕೊಂಡೆನೆಂದು ನನಗೊಬ್ಬಳಿಗೆ ಗೊತ್ತು. ಹೊರಡುವಾಗ ಅಜ್ಜಿ ಪಾತ್ರೆಗಳ ಜೊತೆಗೆ ಆ ನೆಗ್ಗಿದ ಸೇರನ್ನೂ ಚೀಲಕ್ಕೆ ಹಾಕಿದರು. ಪ್ರೀತಿಗೋ, ಮನೆಯಿಂದ ಹೊರಗೆ ಹೋಗಲಿ ಎಂದೋ, ಕೇಳಲಿಲ್ಲ.

ಈಗ ಆಟಕ್ಕೆ ಬರೋಣ. ಎಂಟು ವರ್ಷ ಕಳೆದ ಮೇಲೆ, ಹೋದ ತಿಂಗಳು, ಶಾಹೀನಾ ಫೋನು ಮಾಡಿದಳು. ಅವಳೂ ಮದುವೆಯಾಗಿ ಈ ಊರಲ್ಲೇ ಇದ್ದಾಳೆ. ಗಂಡನಿಗೆ ವಾಹನಗಳ ಬಿಡಿಭಾಗದ ಅಂಗಡಿ. "ಏ ವೀಣಾ, ನಮ್ ಹಿಮ್ಮಡಿಯಮ್ಮ ವಾಪಸ್ ಬಂದಿದ್ದಾಳೆ ಕಣೇ! ಹೊಸದಾಗಿ ಮಾಡಿದ್ದಾರಂತೆ, ಇಂಗ್ಲಿಷಲ್ಲಿ. ನಮ್ ಮೈದುನ ದುಬೈಯಿಂದ ತಂದಿದ್ದಾನೆ. ಭಾನುವಾರ ಊಟಕ್ಕೆ ಬಂದ್ಬಿಡು." ನಾನು ಹೋದೆ. ಚಪಾತಿ ಪಲ್ಯ ತಿಂದು, ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದು, ಹಳೆಯ ದಿನಗಳ ಹಾಗೆಯೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆವು.

ರೀಮೇಕು ಎಂಬ ಮಾತು ಸಿನಿಮಾ ನೋಡುವ ನಮಗೆ ಹೊಸದಲ್ಲ. ಆದರೆ ಭಯವನ್ನೂ ರೀಮೇಕು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸುಳ್ಳು ಹೇಳಬಾರದು, ಚೆನ್ನಾಗಿ ಮಾಡಿದ್ದಾರೆ. ಒದ್ದೆ ನೆಲದ ಮೇಲೆ ದೀಪದ ಬೆಳಕು ಬಿದ್ದರೆ ನೆಲ ಹೊಳೆಯುತ್ತದೆ. ಹುಡುಗಿ ಉಸಿರಾಡುವುದು ಕೇಳಿಸುತ್ತದೆ. ಹಿಂದೆ ತಿರುಗು ಎಂದರೆ ಇಕ್ಕಟ್ಟಿನ ಬೀದಿಯಲ್ಲಿ ಸಿಕ್ಕಿಕೊಂಡ ಲಾರಿಯ ಹಾಗೆ ಹಿಂದೆ ಮುಂದೆ ಹೋಗಿ ತಿರುಗುತ್ತಿದ್ದವಳು ಈಗ ಥಟ್ಟನೆ ತಿರುಗುತ್ತಾಳೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಭೇಷ್ ಎನ್ನುತ್ತಿದ್ದೆ. ನಿಲ್ಲಿಸುವುದು ಯಾರಿಗೆ ಬರುತ್ತದೆ? ಬಾಗಿಲುಗಳು ಕಿರುಗುಟ್ಟುವುದನ್ನೇ ಬಿಟ್ಟಿವೆ, ಹೆಗಲು ತಾಗಿದರೆ ಸಾಕು, ಬ್ಯಾಂಕಿನ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತವೆ. ದುವಾ ಹೇಳಲು ಸಮಯವೆಲ್ಲಿ? ದಾರಿ ತಪ್ಪಿದರೆ ನೆಲದ ಮೇಲೊಂದು ಬಾಣದ ಗುರುತು ಮೂಡಿ, ಹೀಗೆ ಬನ್ನಿ ತಾಯಿ ಎಂದು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ನಕ್ಷೆ ತಾನೇ ಬರೆದುಕೊಳ್ಳುತ್ತದೆ. ಶಾಹೀನಾ ವರ್ಷವಿಡೀ ಬರೆದ ನೋಟ್‌ಬುಕ್ಕನ್ನು ಅದು ಹತ್ತು ನಿಮಿಷದಲ್ಲಿ ಮುಗಿಸಿತು, ರೇಷನ್ ಅಂಗಡಿಯೂ ಇಲ್ಲ, ಪ್ರಿನ್ಸಿಪಾಲರ ರೂಮೂ ಇಲ್ಲ. ಗುಂಡು ಆರಲ್ಲ, ಬೇಕಾದಷ್ಟು. ಸತ್ತರೆ ಸತ್ತ ಜಾಗದಲ್ಲೇ ಏಳಿಸಿ ನಿಲ್ಲಿಸುತ್ತದೆ, ಏಕೆಂದರೆ ಆಟ ನಿಮಿಷಕ್ಕೊಮ್ಮೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿರುತ್ತದಂತೆ. ಭಯಪಡುವುದಕ್ಕೆಂದು ಬಂದವರಿಗೆ ಭಯವಾಗದ ಹಾಗೆ ನೋಡಿಕೊಳ್ಳುವುದಕ್ಕೆ ಇಷ್ಟು ಜನ ಬುದ್ಧಿವಂತರು ಹಗಲಿರುಳು ದುಡಿದಿದ್ದಾರೆ. ತಪ್ಪು ಮಾಡಲು ಬಿಡದ ಆಟದಲ್ಲಿ ಆಡುವುದು ಏನನ್ನು? ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಹೀನಾ, "ಸುಮ್ನೆ ಆಡೇ, ಗೊಣಗ್ಬೇಡ" ಎಂದಳು.

ಓಣಿ ಬಂತು. ಅವಳೂ ಬಂದಳು.

ಮೊದಲು ನೋಡಿದ್ದೇ ಪಾದ. ಸವೆದ ಮರದ ಚಪ್ಪಲಿ, ಒಡೆದ ಹಿಮ್ಮಡಿ, ಹತ್ತು ಬೆರಳು, ಹತ್ತೂ ನನ್ನ ಕಡೆಗೆ. ಆಮೇಲೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡ ಮುಖ; ಸುಕ್ಕು, ದಣಿವು, ಆಸ್ಪತ್ರೆಯ ಆಯಾಗಳಿಗಿರುವಂಥ ಅವಸರ. ಅಭ್ಯಾಸ ಬಲ, ನನ್ನ ಬೆರಳು ಗುಂಡಿಯ ಮೇಲೆ ಹೋಗಿತ್ತು. "ತಡಿಯೇ" ಎಂದು ಶಾಹೀನಾ ನನ್ನ ಕೈ ಹಿಡಿದಳು. ಮುದುಕಿ ಹತ್ತಿರ ಬಂದು ಎರಡೂ ಕೈ ಚಾಚಿದಳು. ಆ ಕೈಯಲ್ಲಿ ಬೀಗದ ಕೈ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ ಮೂಡಿದ ಅಕ್ಷರಗಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಓಡಬೇಡ ಮಗಳೇ, ಆ ಕಡೆ ಸಮುದ್ರ, ದೊಡ್ಡ ಬಾಗಿಲಿನ ಬೀಗದ ಕೈ ನನ್ನ ಹತ್ತಿರ ಇದೆ.

ನಾನು ಕೈಲಿದ್ದುದನ್ನು ನೆಲಕ್ಕೆ ಕುಕ್ಕಿದೆ. "ಮೋಸ ಇದು! ಕತೇನೇ ಬದಲಾಯಿಸಿದ್ದಾರೆ. ಜನರಿಗೆ ಇಷ್ಟ ಆಗ್ಲಿ ಅಂತ ದೆವ್ವನ ದೇವತೆ ಮಾಡಿದ್ದಾರೆ. ಪಾದ ತಿದ್ದಿ ಕೂರಿಸಿದ್ದಾರೆ!" ಎಂದು ಕೂಗಾಡಿದೆ. ಶಾಹೀನಾ ಅದನ್ನು ನೆಲದಿಂದ ಎತ್ತಿಕೊಂಡಳು. ಹೊಸ ಸೀಡಿಯಲ್ಲಿಯೇ ಹಳೆಯ ಆಟವನ್ನೂ ಇದ್ದದ್ದು ಇದ್ದ ಹಾಗೆ, ಬರೀ ಇಂಗ್ಲಿಷ್ ಅಕ್ಷರ ಸೇರಿಸಿ, ಇಟ್ಟಿದ್ದಾರೆಂದು ಅವಳಿಗೆ ಗೊತ್ತಿತ್ತು. ಅದನ್ನು ತೆರೆದಳು. ಮತ್ತೆ ಅದೇ ಕತ್ತಲೆ, ಅದೇ ಕಿರುಗುಟ್ಟುವ ಬಾಗಿಲು. ಓಣಿಗೆ ಬರಲು ಒಂದು ಗಂಟೆ ಹಿಡಿಯಿತು. ಮುದುಕಿ ಬಂದಳು. ನಾವು ನಿಂತೆವು, ಮೊತ್ತಮೊದಲ ಸಲ. ಓಡಬೇಡ ಮಗಳೇ, ಎಂದಿತು ಕೆಳಗಿನ ಸಾಲು. ಒಂದಕ್ಷರ ಬದಲಾಗಿರಲಿಲ್ಲ. ವರ್ಷವಿಡೀ ಅವಳು ನಮಗೆ ಹೇಳಿದ್ದು ಅದನ್ನೇ. ಶಾಹೀನಾ ಟೀವಿಯ ಹತ್ತಿರ ಹೋಗಿ ಬಗ್ಗಿ ಪಾದ ನೋಡಿದಳು, ನಾನೂ ನೋಡಿದೆ. ಆ ಪಾದ ಹಿಂದಕ್ಕೂ ತಿರುಗಿರಲಿಲ್ಲ, ಮುಂದಕ್ಕೂ ತಿರುಗಿರಲಿಲ್ಲ. ಕಂದು ಬಣ್ಣದ ಎರಡು ತುಂಡು, ಅಷ್ಟೆ. ಬೆರಳನ್ನೂ ಹಿಮ್ಮಡಿಯನ್ನೂ ಅಂಟಿಸಿದವರು ನಾವು.

"ಎಷ್ಟ್ ಸಲ ಹೊಡೆದಿದೀವೇ ಇವಳಿಗೆ" ಎಂದಳು ಶಾಹೀನಾ, ಮೆಲ್ಲಗೆ. ಆಗ ನಾನು ಅವಳಿಗೆ ಎಡಗಾಲಿನ ಸಂಗತಿ ಹೇಳಿದೆ. ಎಂಟು ವರ್ಷದಲ್ಲಿ ಯಾರಿಗೂ ಹೇಳದಿದ್ದದ್ದು, ಗಂಡನಿಗೂ ಹೇಳದಿದ್ದದ್ದು, ಆ ಎರಡು ಕಂದು ತುಂಡುಗಳ ಮುಂದೆ ಬಾಯಿಂದ ಹೊರಗೆ ಬಂತು. ಸಮಾಧಾನ ಹೇಳುತ್ತಾಳೆಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು.

"ನಮ್ಮನೇಲಿ ಕೂತು ಆಟ ಆಡಿ ಫೇಲಾಗಿ, ಪಾಪ ಆ ಹೆಂಗಸಿನ ಕಾಲಿಗೆ ಕಟ್ಟಿದ್ಯಾ? ನಿಮ್ಮಪ್ಪ ಅವ್ರನ್ನ ಬಿಟ್ಟಿದ್ದು ಯಾಕೆ ಅಂತ ನಾನು ಎಷ್ಟ್ ಸಲ ಕೇಳಿದೀನಿ ನಿನ್ನ! ಎಲ್ಲಿದ್ದಾರೆ ಅವ್ರು ಈಗ?"

"ಕುಂಸೀಲಿ. ತಮ್ಮನ ಮನೇಲಿ."

"ಕುಂಸಿ ಏನು ದುಬೈನಾ? ಬಸ್ ಹತ್ತಿದ್ರೆ ಮುಕ್ಕಾಲು ಗಂಟೆ! ನಾನೂ ನಕ್ಕಿದೀನಲ್ಲೇ ಅವ್ರನ್ನ ನೋಡಿ, ನಿನ್ ಮಾತು ಕೇಳ್ಕೊಂಡು." ಅವಳು ಟೀವಿ ಆರಿಸಿದಳು. ಚಹಾ ಕೊಡಲಿಲ್ಲ. ನಮ್ಮ ಸ್ನೇಹದಲ್ಲಿ ಚಹಾ ಕುಡಿಯದೆ ನಾನು ಅವಳ ಮನೆಯಿಂದ ಎದ್ದು ಬಂದದ್ದು ಅದೊಂದೇ ಸಲ.

ಬುಧವಾರ ಕುಂಸಿಗೆ ಹೋದೆ, ಚೀಲದಲ್ಲಿ ಸೇರು ಇಟ್ಟುಕೊಂಡು. ಯಾಕೆ ಇಟ್ಟುಕೊಂಡೆನೋ ನನಗೂ ಸರಿಯಾಗಿ ತಿಳಿಯದು. ಬರಿಗೈಲಿ ಹೋಗಲು ಧೈರ್ಯವಿರಲಿಲ್ಲ ಎಂದೇ ಇಟ್ಟುಕೊಳ್ಳಿ. ಚಿಕ್ಕಮ್ಮ ಮನೆಯ ಮುಂದಿನ ಜಗಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಊರಿನವರ ರವಿಕೆಗಳನ್ನೆಲ್ಲ ಹೊಲಿಯುವುದು ಅವರೇ ಅಂತೆ. ಎರಡೂ ಪಾದ ಯಂತ್ರದ ಪೆಡಲಿನ ಮೇಲೆ ಒಂದೇ ಸಮನೆ ಆಡುತ್ತಿದ್ದವು. ನನ್ನನ್ನು ನೋಡಿ ಗುರುತು ಹಿಡಿದರು, ಕೆಲಸ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಹೇಳಿದೆ.

"ಚಿಕ್ಕಮ್ಮ, ಅವತ್ತು ನಾನು ಸುಳ್ಳು ಹೇಳಿದ್ದೆ. ನೀವು ಬಲಗಾಲಲ್ಲೇ ಒದ್ದಿದ್ದು. ನಾನು ನೋಡಿದ್ದೆ."

ಹಿಡಿದಿದ್ದ ಹೊಲಿಗೆಯನ್ನು ಅವರು ಕೊನೆಯ ತನಕ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದರು. "ನಂಗೇನು ಅದು ಹೊಸ ಸುದ್ದಿನಾ? ಒದ್ದೋಳು ನಾನೇ ಅಲ್ವಾ?"

ತಪ್ಪಾಯ್ತು ಎಂದೆ. ಆಟದ ವಿಷಯ, ಫೇಲಾದ ವಿಷಯ, ಎಲ್ಲವನ್ನೂ ಬಡಬಡಿಸಿದೆ. ಅವರು ರವಿಕೆಯನ್ನು ಮಡಚುತ್ತ, "ಗೊತ್ತಿತ್ತು. ಆ ಟೀವಿ ಶಬ್ದ ಗೇಟಿನ ತನಕ ಕೇಳ್ತಿತ್ತು" ಎಂದರು.

"ಮತ್ತೆ ಅಪ್ಪನ ಹತ್ರ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ? ಮಲತಾಯಿ ಚಾಡಿ ಹೇಳಿದ್ಲು ಅಂತಿದ್ರಿ. ಎಡಗಾಲಿನ ಜೊತೆಗೆ ನಾಲಿಗೇನೂ ಸೇರ್ಕೊಳ್ತಿತ್ತು." ಅವರ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಚೀಲದಿಂದ ಸೇರನ್ನು ತೆಗೆದು ಯಂತ್ರದ ಮೇಲಿಟ್ಟೆ. ಅವರು ಅದನ್ನು ನೋಡಿದರು, ನೆಗ್ಗಿನ ಮೇಲೆ ಬೆರಳಿಟ್ಟರು, ತೆಗೆದರು. "ಇದನ್ನ ನನ್ ಹತ್ರ ಯಾಕೆ ತಂದೆ ವೀಣಾ? ನೀನು ಎಡಗಾಲು ಅಂದಿದ್ದು ನನ್ ಹತ್ರ ಅಲ್ಲ. ನಡುಮನೇಲಿ ನಿಂತ್ಕೊಂಡು, ಅವ್ರೆಲ್ಲರ ಎದುರಿಗೆ ಅಂದೆ. ಅಲ್ಲೇ ಹೋಗಿ ಹೇಳು. ಇಲ್ಲಿ ಹೇಳಿದ್ರೆ ನಿಂಗೆ ಸಮಾಧಾನ ಆಗ್ಬೋದು, ನಂಗೇನಾಯ್ತು?" ಎಂದು ಸೇರನ್ನು ನನ್ನ ಕೈಗೇ ಕೊಟ್ಟರು. "ಹನ್ನೆರಡೂವರೆಗೆ ಬಸ್ಸಿದೆ."

ಅದೇ ಬಸ್ಸಿಗೆ ಹೊರಟು, ಶಿವಮೊಗ್ಗದಲ್ಲಿ ಇಳಿದು, ಮನೆಗೂ ಹೋಗದೆ ಭದ್ರಾವತಿಯ ಬಸ್ಸು ಹತ್ತಿದೆ. ಅಪ್ಪ ಮೊದಲನೆಯ ಪಾಳಿ ಮುಗಿಸಿ ಬಂದು ಪೇಪರು ಓದುತ್ತಿದ್ದರು. ಅಜ್ಜಿ ಕೋಲು ಪಕ್ಕಕ್ಕಿಟ್ಟುಕೊಂಡು ಅದೇ ಕಬ್ಬಿಣದ ಮಂಚದ ಮೇಲಿದ್ದರು. ನಡುಮನೆಯಲ್ಲಿ, ಎಂಟು ವರ್ಷದ ಹಿಂದೆ ನಿಂತಿದ್ದಲ್ಲಿಯೇ ನಿಂತು, ಬಲಗಾಲು ಎಂದೆ. ನೋಡಿದ್ದೆ, ಸುಳ್ಳು ಹೇಳಿದ್ದೆ, ಫೇಲಾಗಿದ್ದು ಆಟ ಆಡಿದ್ದಕ್ಕೆ ಎಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾಯುತ್ತಿದ್ದೆ. ಅಪ್ಪ ಪೇಪರನ್ನು ಮಡಚಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು:

"ಬಲಗಾಲಾಗಿದ್ರೆ ಮತ್ತೆ ಇಷ್ಟೆಲ್ಲ ಯಾಕಾಯ್ತು?"

ನೀವೇ ಹೇಳಿ, ಸಿಟ್ಟು ಬಾರದೆ ಇನ್ನೇನು ಬಂದೀತು? ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ ಬಿಚ್ಚಿ ನೋಡಿ ಯಾವ ಬೋಲ್ಟು ಸಡಿಲವಾಗಿದೆಯೆಂದು ಹೇಳುವ ಮನುಷ್ಯ. ತನ್ನ ಮನೆಗೆ ಬಂದಾಗ ಮಾತ್ರ ಕಾಲು ನೋಡುತ್ತಾರೆ! "ಅಜ್ಜಿ ಬಿದ್ದಿದ್ದು ಬಚ್ಚಲಲ್ಲಿ ಪಾಚಿ ಕಟ್ಟಿತ್ತಲ್ಲ, ಅದಕ್ಕೆ ಅಪ್ಪ! ಉಜ್ಜಿಸಿ ಉಜ್ಜಿಸಿ ಅಂತ ಚಿಕ್ಕಮ್ಮನೇ ಬಾಯಿ ಬಡ್ಕೊಂಡಿದ್ರು!" ಎಂದು ನಾನು ಕಿರುಚಿದೆ. "ಈಗ ಅದನ್ನೆಲ್ಲ ಕೆದಕಿ ಏನ್ ಬಂತೇ" ಎಂದರು ಅಜ್ಜಿ, ಗೋಡೆಯ ಕಡೆ ತಿರುಗುತ್ತ. ಕೆದಕುವುದಕ್ಕೆ ಅವರಿಗೆ ಆಗಲೂ ಹೊತ್ತಿರಲಿಲ್ಲ, ಈಗಲೂ ಹೊತ್ತಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಟೆ. ಗೇಟಿನ ತನಕ ಅಪ್ಪ ಹಿಂದೆ ಬಂದರು. "ಕುಂಸೀಲಿ... ಹೇಗಿದ್ದಾಳೆ?" ಎಂದರು. "ಮುಕ್ಕಾಲು ಗಂಟೆ ಬಸ್ಸು ಶಿವಮೊಗ್ಗದಿಂದ. ನೀವೇ ಹೋಗಿ ನೋಡಿ" ಎಂದು ಹೇಳಿ, ತಿರುಗಿ ನೋಡದೆ ಬಂದುಬಿಟ್ಟೆ. ಇನ್ನೂ ಹೋಗಿಲ್ಲ ಅವರು. ನಾನು ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದೇನೆ. ಅವರು ರಜೆ ಸಿಗಲಿಲ್ಲ ಎನ್ನುತ್ತಾರೆ. ಮುಂದಿನ ವಾರವೂ ಕೇಳುತ್ತೇನೆ.

ಆಟ ಮಾಡಿದವರನ್ನು ನಾನು ಸುಮ್ಮನೆ ಬೈದೆನೆಂದು ಈಗ ಅನಿಸುತ್ತದೆ, ಪೂರ್ತಿಯಲ್ಲ, ಅರ್ಧ. ಬಾಗಿಲುಗಳನ್ನು ಹಾಳು ಮಾಡಿದ್ದಕ್ಕೆ ಇನ್ನೂ ಬೈಯುತ್ತೇನೆ. ಆದರೆ ಪಾದದ ವಿಷಯದಲ್ಲಿ ಅವರು ಏನನ್ನೂ ತಿದ್ದಿಲ್ಲ. ಮೊದಲಿನಿಂದ ಇದ್ದದ್ದನ್ನು ಕಾಣುವ ಹಾಗೆ ಮಾಡಿದರು. ಹಾಗೆ ಕಂಡದ್ದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹೊಸ ಆಟದಲ್ಲಿ ಬೀಗದ ಕೈ ತೆಗೆದುಕೊಂಡರೆ ಹುಡುಗಿಯೂ ಮುದುಕಿಯೂ ಕೈ ಕೈ ಹಿಡಿದು ದೊಡ್ಡ ಬಾಗಿಲಿನಿಂದ ಹೊರಗೆ ನಡೆಯುತ್ತಾರಂತೆ, ಶಾಹೀನಾ ಒಬ್ಬಳೇ ಕೂತು ಆಡಿ ಮುಗಿಸಿ ಫೋನಿನಲ್ಲಿ ಹೇಳಿದಳು. ಅವಳು ಈಗ ಮಾತಾಡುತ್ತಿದ್ದಾಳೆ. ನಾನು ನೋಡಲು ಹೋಗಿಲ್ಲ. ಅಂಥ ಮುಕ್ತಾಯ ನೋಡುವ ಹಕ್ಕು ನನಗಿನ್ನೂ ಬಂದಿಲ್ಲ.

ಮೊನ್ನೆ ಸಂಜೆ ಕಲಾಯಿ ಸಾಬರು ಪಾತ್ರೆ ವಾಪಸು ಕೊಡಲು ಬಂದರು. ಬಾಗಿಲಲ್ಲಿ ಇಟ್ಟು ಹಾಗೆಯೇ ಹೊರಡುವವರಿದ್ದರು; ಬೆಳಿಗ್ಗೆಯ ನನ್ನ ಬಾಯಿಗೆ ಹೆದರಿದ್ದರೇನೋ. ನಾನು ಕೂರಿಸಿ, ನೀರು ಕೊಟ್ಟು, "ತಪ್ಪಾಯ್ತು ಚಾಚಾ, ನಿಮ್ಮ ಮೇಲಿನ ಸಿಟ್ಟಲ್ಲ ಅದು" ಎಂದೆ. ಪೆನ್ನು ಕತ್ತರಿಗಳನ್ನು ಮೇಜಿನ ಮೇಲೆ ಸುರಿದು ಸೇರನ್ನು ಅವರ ಕೈಗೆ ಕೊಟ್ಟೆ, ರಿಪೇರಿಗಲ್ಲ, ನೋಡಲಿ ಎಂದು. ಅವರು ಅದನ್ನು ತಿರುಗಿಸಿ ತಿರುಗಿಸಿ, ಉಗುರಿನಿಂದ ತಟ್ಟಿ, ನೆಗ್ಗನ್ನು ಹೆಬ್ಬೆರಳಿನಿಂದ ಸವರಿದರು.

"ಗಟ್ಟಿ ಮಾಲು ಅಮ್ಮ. ಹೇಗಾಯ್ತು ಇದು?"

"ನಮ್ ಚಿಕ್ಕಮ್ಮನ್ನ ಮನೆ ತುಂಬಿಸ್ಕೊಂಡ ದಿನ ಅವ್ರು ಒದ್ದಿದ್ದು ಚಾಚಾ" ಎಂದೆ. ಯಾವ ಕಾಲೆಂದು ಅವರು ಕೇಳಿರಲಿಲ್ಲ.

"ಬಲಗಾಲಲ್ಲಿ" ಎಂದೆ.